ದ್ವಾರಕಾ ಕೇಳಿದ ಪ್ರಶ್ನೆ

ಭಾಲ್ಕಿಯ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಕಥೆ ಹೇಳುತ್ತಾರೆ — ಸುನಂದಾ ಕಾಕು ಹತ್ತನೇತ್ತಾ, ಅಂದರೆ ಹತ್ತನೇ ತರಗತಿಯ, ಪರೀಕ್ಷೆಗೆ ಕೂಡುತ್ತೇನೆಂದು ಹೊರಟಿದ್ದಳು, ಕೊನೆಗೆ ಅಂಜಿ ಬಿಟ್ಟಳು. ಅಪ್ಪ ಹೇಳುತ್ತಾರೆ, ಸೋದರತ್ತೆ ಅತ್ಯಾ ಹೇಳುತ್ತಾಳೆ, ಬೀಗರು ಬಂದರೆ ಚಹಾದ ಜೊತೆಗೆ ಅವರಿಗೂ ಹೇಳುತ್ತಾರೆ. ಈಚೆಗೆ ಕಾಕುವೇ ನಕ್ಕು, "ಹೌದ್ರಿ, ಅಂಜ್ದೆ" ಎಂದು ಮಾತು ಮುಗಿಸಿಬಿಡುತ್ತಾರೆ. ನಾಲ್ಕು ಮಂದಿ ಒಂದೇ ಮಾತು ಹೇಳಿದರೆ ಅದು ಸತ್ಯವಾಗುವುದಿಲ್ಲ — ಇದು ನಾನು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಮೊದಲ ಪಾಠ. ಈ ಕಥೆಯೂ ಸತ್ಯವಲ್ಲ. ಕಾಕು ಅಂಜಲಿಲ್ಲ. ತಿಳಿಯದ್ದನ್ನು ತಿಳಿದವರಲ್ಲಿ ಕೇಳಿದರು. ಅವರು ಕೇಳಿದ ಪ್ರಶ್ನೆಯನ್ನು ಎತ್ತಿ ಹೊರಗೆ ಹಾಕಿದವನು ನಾನು. ಹಾಕಿದ ಮರುಗಳಿಗೆಗೇ ತಪ್ಪಾಯಿತೆಂದು ಗೊತ್ತಾಗಿ, ಸುಮ್ಮನೆ ಕೂತವನೂ ನಾನು.

ಕಾಕು ಎಂದರೆ ನನ್ನ ತೀರಿಹೋದ ಕಾಕಾನ ಹೆಂಡತಿ. ತವರು ಗಡಿಯಾಚೆ, ಮಹಾರಾಷ್ಟ್ರದ ಒಂದು ಹಳ್ಳಿ. ಕಮಲನಗರದಿಂದ ಬಹಳ ದೂರವಲ್ಲ. ಮರಾಠಿಯಲ್ಲಿ ಒಂಬತ್ತನೇತ್ತಾವರೆಗೆ ಕಲಿತವರು. ಕಾಕಾ ಹೋದ ಮೇಲೆ ಔರಾದಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಗೆ ಸೇರಿದರು. ವಾರದ ಆರು ದಿನ ಅಲ್ಲೇ ಇರುವುದು — ಅಡುಗೆಮನೆಗೆ ಹತ್ತಿದ ಸಾಮಾನಿನ ಕೋಣೆಯಲ್ಲಿ, ಜೋಳದ ಚೀಲ ಮತ್ತು ಎಣ್ಣೆ ಡಬ್ಬಿಗಳ ನಡುವೆ ಹಾಸಿಗೆ. ಭಾನುವಾರ ಬಸ್ಸು ಹಿಡಿದು ಭಾಲ್ಕಿಗೆ ಬರುವುದು. ಕನ್ನಡ ಓದು ಅವರಿಗೆ ಒಲಿದದ್ದು ಅಡುಗೆಮನೆಯಲ್ಲೇ. ಹುಡುಗಿಯರು ಊಟಕ್ಕೆ ಕೂತಾಗ ಒಬ್ಬಳ ಪಾಠದ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದುವುದು, ತಪ್ಪಿದಲ್ಲಿ ಅವರು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ತಿದ್ದುವುದು.

ಆ ಹಾಸ್ಟೆಲಿನ ವಾರ್ಡನ್ ಬಾಯಿಯವರು ಕೆಲಸ ಬಿಡುವವರಿದ್ದರು. ನಡೆಸುವವರು ಕಾಕುಗೆ ಹೇಳಿದ್ದರು — ನಮಗೆ ಹೊರಗಿನವರು ಬೇಕಾಗಿಲ್ಲ, ಹುಡುಗಿಯರಿಗೆ ನಿಮ್ಮ ಮೇಲೇ ಜೀವ. ಆದರೆ ಕಾಗದದ ಮೇಲೆ ಹತ್ತನೇತ್ತಾ ಪಾಸು ಅಂತ ಇರಬೇಕು. ಒಂದು ಸಲ ಪರೀಕ್ಷೆ ಬರೆಯಿರಿ, ಅಲ್ಲಿಯತನಕ ತಡೆಯುತ್ತೇವೆ. ವಾರ್ಡನ್‌ಗೆ ಬೇರೆ ಕೋಣೆ ಇತ್ತು. ಅದಕ್ಕೊಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳಲು ಚಿಲಕ. ಕಾಕುಗೆ ಬೇಕಾಗಿದ್ದದ್ದು ಅದು — ಹುದ್ದೆಗಿಂತ ಹೆಚ್ಚಾಗಿ ಆ ಚಿಲಕ. ಇದೆಲ್ಲ ನನಗೆ ತಿಳಿದದ್ದು ತಡವಾಗಿ.

ನಾನಾಗ ಬೀದರಿನಲ್ಲಿ ಬಿ.ಎ. ಕೊನೆಯ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನವಾಗಿ ಗೆದ್ದ ಢಾಲುಗಳು ಕೋಣೆಯ ಕಪಾಟಿನಲ್ಲಿ ಹಿಡಿಸುತ್ತಿರಲಿಲ್ಲ. ಕಾಕು ನನ್ನನ್ನು ಕರೆಯುತ್ತಿದ್ದದ್ದೇ "ವಕೀಲ್ ಸಾಹೇಬ" ಎಂದು. ಅದರಲ್ಲಿ ಅರ್ಧ ಹೆಮ್ಮೆ, ಅರ್ಧ ಚೇಷ್ಟೆ — ಇನ್ನೇನೋ ಸ್ವಲ್ಪ ಇತ್ತು, ಅದು ಆಗ ನನಗೆ ಕೇಳಿಸಲಿಲ್ಲ.

ಆ ದಿನಗಳಲ್ಲಿ ನಾನೊಂದು ಜಾಲತಾಣದಲ್ಲಿ ಪರಿಶೀಲಕನಾಗಿದ್ದೆ. ಯಾರು ಬೇಕಾದರೂ ಕನ್ನಡದಲ್ಲಿ ಪ್ರಶ್ನೆ ಕೇಳಬಹುದು, ತಿಳಿದವರು ಉತ್ತರಿಸುತ್ತಾರೆ. ಬೆಳೆಯ ರೋಗ, ಪಹಣಿ, ಪರೀಕ್ಷೆ, ಪಾಸ್‌ಪೋರ್ಟು — ಎಲ್ಲವೂ. ಹೊಸದಾಗಿ ಸೇರಿದವರ ಮೊದಲ ಪ್ರಶ್ನೆ ಮಾತ್ರ ನೇರವಾಗಿ ಕಾಣಿಸುವುದಿಲ್ಲ. ಪರಿಶೀಲಕರ ಸಾಲಿಗೆ ಬಂದು ನಿಲ್ಲುತ್ತದೆ. ಇಬ್ಬರು ಒಪ್ಪಿದರೆ ಪ್ರಕಟ; ಇಬ್ಬರು ಬೇಡವೆಂದರೆ ತಿರಸ್ಕಾರ. ತಿರಸ್ಕೃತವಾದರೆ ಆ ಹೊಸಬರು ಏಳು ದಿನ ಮತ್ತೊಂದು ಪ್ರಶ್ನೆ ಕೇಳುವಂತಿಲ್ಲ. ಸಂಬಳವಿಲ್ಲದ ಕೆಲಸ. ಆದರೆ ತೀರ್ಪು ಕೊಡುವ ಕೆಲಸಕ್ಕೆ ಸಂಬಳ ಯಾರಿಗೆ ಬೇಕು, ಆ ವಯಸ್ಸಿನಲ್ಲಿ?

ಒಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪರಿಶೀಲಕರು ಕಣ್ಣುಮುಚ್ಚಿ ಒಪ್ಪಿಗೆ ಒತ್ತುತ್ತಾರೋ ಹೇಗೆ ಎಂದು ನೋಡಲು ಆ ತಾಣದವರು ನಡುನಡುವೆ ತಾವೇ ಬರೆದ ಸುಳ್ಳು ಪ್ರಶ್ನೆಗಳನ್ನು ಸಾಲಿಗೆ ಬಿಡುತ್ತಿದ್ದರು. ಬೇಕೆಂದೇ ಗೋಜಲು ಮಾಡಿ ಬರೆದವು. ನಾವು ಅವಕ್ಕೆ "ಗಾಳ" ಎನ್ನುತ್ತಿದ್ದೆವು. ಗಾಳದ ಪ್ರಶ್ನೆಯನ್ನು ಪಾಸು ಮಾಡಿದಿರೋ, ಹದಿನೈದು ದಿನ ಹೊರಗೆ. ಸರಿಯಾಗಿ ಹಿಡಿದಿರೋ, ಕೊನೆಯ ಮತ ಒತ್ತಿದವರಿಗೆ ಹಸಿರು ಬಣ್ಣದ ಒಂದು ಸಾಲು: ಇದು ಪರೀಕ್ಷೆಯಾಗಿತ್ತು, ಸರಿಯಾಗಿ ಗುರುತಿಸಿದಿರಿ.

ನಾನು ಒಮ್ಮೆ ಗಾಳಕ್ಕೆ ಸಿಕ್ಕಿದ್ದೆ. ಹದಿನೈದು ದಿನ ಹೊರಗೆ ಕೂತಿದ್ದೆ. ಢಾಲುಗಳ ಹುಡುಗ — ನನ್ನನ್ನು ಒಂದು ಸುಳ್ಳು ಪ್ರಶ್ನೆ ಏಮಾರಿಸಿತ್ತು! ಮರಳಿದ ಮೇಲೆ ಪ್ರತಿ ಪ್ರಶ್ನೆಯನ್ನೂ ಎದುರುಪಕ್ಷದವನ ಮಾತಿನ ಹಾಗೆ ಓದತೊಡಗಿದೆ. ಎಲ್ಲಿ ಮೋಸ ಇದೆ? ಎಲ್ಲಿ ಸಡಿಲ ಇದೆ? ಕೇಳಿದವರಿಗೆ ಏನು ಬೇಕಾಗಿದೆ ಎಂದು ಹುಡುಕುವುದನ್ನು ಯಾವಾಗ ಬಿಟ್ಟೆನೋ — ನೆನಪಿಲ್ಲ.

ಒಂದು ಬುಧವಾರ ಮಧ್ಯಾಹ್ನ, ಕಾಲೇಜಿನೆದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಸಾಲು ನೋಡುತ್ತಿದ್ದೆ. ದ್ವಾರಕಾ ಎಂಬ ಹೆಸರಿನ ಹೊಸ ಖಾತೆಯಿಂದ ಒಂದು ಪ್ರಶ್ನೆ ಬಂದಿತ್ತು. ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ ಬರೆದದ್ದು. ಇಂದಿಗೂ ನನಗೆ ಬಾಯಿಪಾಠ:

"ನಮಸ್ಕಾರ ಸರ್ ಮೇಡಂ ನಾನು ಸಾಲಿ ಮರಾಠಿದಾಗ ಕಲ್ತೀನಿ ಮಹಾರಾಷ್ಟ್ರದಾಗ ಲಗ್ನದಾಗ ಹೆಸರು ಬದಲಿ ಮಾಡಿದರು ಈಗ ಕರ್ನಾಟಕದಾಗ ಹತ್ತನೇತ್ತಾ ಪರೀಕ್ಷಾ ಹೊರಗಿಂದ ಕಟ್ಟಬೇಕು ಅಂತೀನಿ ಸಾಲಿ ದಾಖಲಾದಾಗ ಒಂದು ಹೆಸರು ಅದ ಆಧಾರದಾಗ ಒಂದು ಹೆಸರು ಅದ ನಾನು ಯಾವದು ಬರೀಲಿ ಎರಡೂ ನನ್ನವೇ ಅವ ದಯಮಾಡಿ ಲೌಕರ ಜಲ್ದಿ ಹೇಳ್ರಿ"

ಎರಡು ಹೆಸರು, ಎರಡು ಭಾಷೆ, ಎರಡು ರಾಜ್ಯ. ಇಷ್ಟು ಒಪ್ಪವಾಗಿ ಗೋಜಲಾದ ಮನುಷ್ಯರು ಇರುವುದಿಲ್ಲ, ಇದನ್ನು ಯಾರೋ ಕೂತು ಹೆಣೆದಿದ್ದಾರೆ — ಎಂದುಕೊಂಡೆ. ಗಡಿಯಿಂದ ಇಷ್ಟು ಹತ್ತಿರ ಹುಟ್ಟಿ ಬೆಳೆದವನು ನಾನು! ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಆ ಅಕ್ಕಿಯ ಕೆಳಗೆ ಹಳೆಯ ಹೆಸರೊಂದು ಉಳಿದಿರುತ್ತದೆ, ಅದರ ಮೇಲೆ ಒಬ್ಬಳ ಒಂಬತ್ತು ವರ್ಷದ ಓದು ನಿಂತಿರುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ನಮ್ಮ ಕಾಕುಗೆ ಬೇರೆ ಹೆಸರು ಇತ್ತೇ ಎಂದು ಕೇಳಿದವನೂ ಅಲ್ಲ.

ನನಗಿಂತ ಮೊದಲು ಒಬ್ಬರು ಆ ಪ್ರಶ್ನೆಗೆ ಒಪ್ಪಿಗೆ ಕೊಟ್ಟಿದ್ದರು — ಜಬೀನ್ ಆಪಾ. ಬೀದರಿನಲ್ಲಿ ಕೋರ್ಟಿನ ಬಳಿ ಅರ್ಜಿ, ಅಫಿಡವಿಟ್ ಟೈಪ್ ಮಾಡಿಕೊಡುವ ಸಣ್ಣ ಅಂಗಡಿ ಅವರದು. ಆಗ ಮುಖ ನೋಡಿದ್ದಿಲ್ಲ, ಪರಿಶೀಲಕರ ಚರ್ಚೆಯ ಪುಟದಲ್ಲಷ್ಟೇ ಪರಿಚಯ. ನಾನು ಬೇಡವೆಂದು ಬರೆದ ಕೂಡಲೇ ಅವರ ಉತ್ತರ ಬಂತು.

"ಇರ್ಲಿ ಬಿಡ್ರಿ ಭಾಯಿ. ಪಾಪ, ಯಾರೋ ಹೊಸಬರು. ನಾ ತಿದ್ದಿ ಹಾಕ್ತೇನಿ. ಉತ್ತರಾನೂ ನನಗ ಗೊತ್ತದ, ಎರಡು ಸಾಲಿನದು."

ನಾನು ಬರೆದೆ: ಇದು ಗಾಳ. ಖಾತೆ ಇಂದು ಬೆಳಿಗ್ಗೆ ಹುಟ್ಟಿದ್ದು. ಒಂದರಲ್ಲಿ ನಾಲ್ಕು ಪ್ರಶ್ನೆ ಕಲಸಿದ್ದಾರೆ. "ಎರಡೂ ನನ್ನವೇ ಅವ" — ಇದು ನಮ್ಮ ಕರುಣೆ ಕೆದಕಲು ಇಟ್ಟ ವಾಕ್ಯ.

"ಏನ್ರೀ ನೀವು! ಇಂಥಾ ಅಫಿಡವಿಟ್ ನಾ ದಿನಕ್ಕ ಒಂದಾರೆ ಟೈಪ್ ಮಾಡ್ತೇನಿ. ಹೆಣ್ಮಕ್ಕಳಿಗೆ ಎರಡು ಹೆಸರು ಇರೂದು ನಿಮಗ ಅಜೂಬಾ ಏನು?"

"ನಿಮ್ಮ ಅನುಭವ ಸಾಕ್ಷ್ಯ ಅಲ್ಲ ಆಪಾ. ನಿಮ್ಮ ಅಂಗಡಿಗೆ ಬರುವವರೆಲ್ಲ ಅಂಥವರೇ, ಅದಕ್ಕೇ ಲೋಕವೆಲ್ಲ ಹಾಗೇ ಕಾಣುತ್ತದೆ. ಪಾಸು ಮಾಡಿದರೆ ಇಬ್ಬರೂ ಹದಿನೈದು ದಿನ ಹೊರಗೆ. ನಿಮಗೂ ಇದು ಎರಡನೆಯ ಸಲ — ಮೂರನೆಯದಾದರೆ ಪರಿಶೀಲನೆಯ ಹಕ್ಕೇ ಹೋಗುತ್ತದೆ, ನೆನಪಿರಲಿ."

ಅವರ ಉತ್ತರ — "ನೀವು ಓದಿದವರು ಇದ್ದೀರಿ. ನಿಮಗ ಹ್ಯಾಂಗ ಕಾಣ್ತದೋ ಹಂಗ ಮಾಡ್ರಿ." ಅವರು ತಮ್ಮ ಮತ ಬದಲಿಸಿದರು. ನಾನು ಗೆದ್ದೆ. ಗೆಲುವಿನ ರುಚಿ ನನಗೆ ಗೊತ್ತು, ಅಂದೂ ಅದೇ ರುಚಿ.

ತಿರಸ್ಕರಿಸುವಾಗ ಕಾರಣ ಬರೆಯಬೇಕು. ಇದನ್ನು ಓದುವವರು ತಾಣ ನಡೆಸುವವರೇ ಎಂಬ ನಂಬಿಕೆಯಲ್ಲಿ, ಅವರು ಮೆಚ್ಚಲಿ ಎಂದು, ಒಂದು ಚೂಪಾದ ವಾಕ್ಯ ಹುಡುಕಿದೆ: "ಬೇರೆಯವರನ್ನು ಕೇಳುವ ಮೊದಲು, ಏನು ಕೇಳಬೇಕಾಗಿದೆ ಎಂಬುದು ನಿಮಗಾದರೂ ತಿಳಿದಿರಲಿ." ಕೆಳಗೆ ನನ್ನ ಖಾತೆಯ ಹೆಸರು — ಪ್ರತಿವಾದಿ. ಒತ್ತಿದೆ.

ಹಸಿರು ಸಾಲು ಬರಲಿಲ್ಲ.

ಪುಟವನ್ನು ಮತ್ತೊಮ್ಮೆ ತೆರೆದೆ. ಬರಲಿಲ್ಲ. ಅಂದರೆ ಅದು ಗಾಳವಲ್ಲ. ಎಲ್ಲೋ ಒಬ್ಬಳು ಇದ್ದಾಳೆ, ಅವಳು ಈಗ ನನ್ನ ವಾಕ್ಯವನ್ನು ಓದುತ್ತಿದ್ದಾಳೆ. ಒತ್ತಿದ ಮತವನ್ನು ಹಿಂದಕ್ಕೆ ಪಡೆಯಲು ಹತ್ತು ನಿಮಿಷ ಇರುತ್ತಿತ್ತು. ಪರದೆಯ ಮೂಲೆಯಲ್ಲಿ ಆ ಗುಂಡಿ ಹತ್ತು ನಿಮಿಷವೂ ಕಾಣಿಸುತ್ತಲೇ ಇತ್ತು. ನಾನು ಇನ್ನೊಂದು ಕಟ್ ಚಹಾ ಹೇಳಿದೆ. ಹಿಂದಕ್ಕೆ ಪಡೆದರೆ ಜಬೀನ್ ಆಪಾ ಮುಂದೆ ಸೋಲು ಒಪ್ಪಬೇಕಿತ್ತು — ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಸಂಜೆ ಅವರು ಕೇಳಿದರು: "ಗಾಳ ಆಗಿತ್ತೇನ್ರಿ?"

"ಹೌದು ಆಪಾ, ಗಾಳವೇ" ಎಂದು ಬರೆದೆ.

ಇದು ನನ್ನ ಮೊದಲ ಸುಳ್ಳು. ಎರಡನೆಯದಕ್ಕೆ ಬಾಯಿ ತೆರೆಯಬೇಕಾಗಲಿಲ್ಲ.

ಅದಾಗಿ ಎರಡನೆಯ ಭಾನುವಾರ ಭಾಲ್ಕಿಗೆ ಹೋಗಿದ್ದೆ. ಕಾಕು ಬಂದಿದ್ದರು. ಊಟಕ್ಕೆ ಕೂತಾಗ ತಾವಾಗಿಯೇ ಮಾತು ತೆಗೆದರು — ಪರೀಕ್ಷೆ ಕಟ್ಟಬೇಕೆಂದಿದ್ದೆ, ಫಾರ್ಮಿನ ತಾರೀಖು ಮುಗಿದುಹೋಯಿತು. ಅತ್ಯಾ ಬಿದ್ದು ಬಿದ್ದು ನಕ್ಕಳು.

"ಅಯ್ಯ ನಮ್ಮವ್ವ! ಈ ವಯಸ್ಸಿನಾಗ ಪಾಟಿಚೀಲ ಹಾಕ್ಕೊಂಡು ಹೋಗ್ತಿದ್ದೇನು? ಹುಡುಗೂರು ಮಾಸ್ತರೀಣಿ ಬಂದಳಂತ ಎದ್ದು ನಿಂದ್ರತಿದ್ವು!"

"ನಿಂತ್ರ ನಿಲ್ಲಲಿ ಬಿಡ್ರಿ, ಕೂಡ್ರಂತ ನಾನೇ ಹೇಳ್ತಿದ್ದೆ" ಎಂದರು ಕಾಕು.

ಅಪ್ಪ ರೊಟ್ಟಿ ಮುರಿಯುತ್ತ, "ಅಂಜಿರ್ತಾಳ. ತಾರೀಖು ಒಂದು ನೆವ" ಎಂದರು. ಆ ಕಥೆ ಹುಟ್ಟಿದ್ದು ಅಲ್ಲಿ, ಆ ಪಂಕ್ತಿಯಲ್ಲಿ.

ನಾನು ಸುಮ್ಮನಿರುವವನೇ? ಕಾಕುಗೆ ಬುದ್ಧಿ ಹೇಳಿದೆ. "ಕೇಳಬೇಕಿತ್ತು ಕಾಕು. ಈಗಿನ ಕಾಲದಾಗ ಕೇಳಿದ್ರ ಎಲ್ಲಾ ಸಿಗ್ತದ. ಕೇಳದವರದೇ ತಪ್ಪು."

ಅವರು ನನ್ನ ತಾಟಿಗೆ ಶೇಂಗಾಹಿಂಡಿ ಹಾಕುತ್ತಿದ್ದರು. ಚಮಚ ಅಲ್ಲೇ ನಿಂತಿತು. "ಕೇಳಿದ್ನೆಪ್ಪಾ, ವಕೀಲ್ ಸಾಹೇಬ. ಕೇಳೂದು ಬರಲಿಲ್ಲ ನನಗ."

ಯಾವುದೋ ಕಚೇರಿಯಲ್ಲಿ ಕೇಳಿರಬೇಕು ಎಂದುಕೊಂಡೆ. ಯಾರನ್ನು ಕೇಳಿದಿರಿ ಎಂದು ಕೇಳುವುದು — ಪ್ರಶ್ನೆಗಳ ಮೇಲೆ ತೀರ್ಪು ಕೊಡುವ ನನಗೆ — ಹೊಳೆಯಲಿಲ್ಲ.

ಜೂನಿನಲ್ಲಿ ಔರಾದಿನ ಹಾಸ್ಟೆಲಿಗೆ ಹೊಸ ವಾರ್ಡನ್ ಬಂದರು. ಚಿಕ್ಕ ವಯಸ್ಸು, ಹತ್ತನೇತ್ತಾ ಪಾಸು. ಕಿಟಕಿಯ ಕೋಣೆ ಅವರದಾಯಿತು. ಕಾಕು ಜೋಳದ ಚೀಲಗಳ ನಡುವೆ ಉಳಿದರು. ಮುಂದಿನ ವರ್ಷ ಪರೀಕ್ಷೆಗೆ ಕೂಡಬಹುದಿತ್ತಲ್ಲ ಎನ್ನುತ್ತೀರಿ. ಕೋಣೆ ಹೋಗಿತ್ತು, ಹುಡುಗಿಯರ ಮುಂದೆ ಗಟ್ಟಿಯಾಗಿ ಓದುವುದನ್ನೂ ಅವರು ಬಿಟ್ಟಿದ್ದರು. ಅದು ನನಗೆ ಗೊತ್ತಾದದ್ದು ಒಮ್ಮೆ ಹಾಸ್ಟೆಲಿಗೆ ಹಬ್ಬದ ಬುತ್ತಿ ಕೊಡಲು ಹೋದಾಗ, ಒಬ್ಬ ಹುಡುಗಿಯ ಬಾಯಿಂದ — "ಕಾಕೂ ಈಗ ಓದಂಗಿಲ್ರಿ ಅಣ್ಣ, ನನಗ ಬರಂಗಿಲ್ಲ ಅಂತಾರ."

ಒಂದು ವರ್ಷ ಕಳೆದ ಮೇಲೆ ಯಾವುದೋ ಕಾರ್ಡಿಗೆಂದು ಕಾಕು ತಮ್ಮ ಕಾಗದಗಳನ್ನು ಬಿಚ್ಚಿ ನನ್ನ ಮುಂದಿಟ್ಟು, ಫೋಟೋ ತೆಗೆ ಎಂದರು. ಪ್ಲಾಸ್ಟಿಕ್ ಚೀಲದ ತಳದಲ್ಲಿ ಮರಾಠಿ ಶಾಲೆಯ ದಾಖಲಾತಿ. ಮಡಿಕೆಯಲ್ಲಿ ಹರಿದ ಕಾಗದ. ಮೊಬೈಲು ಹಿಡಿದು ಬಗ್ಗಿದವನು ಬಗ್ಗಿಯೇ ಉಳಿದೆ. ವಿದ್ಯಾರ್ಥಿನಿಯ ಹೆಸರು: ದ್ವಾರಕಾ.

"ಇದ್ಯಾರು ಕಾಕು?"

"ನಾನೇ ಅಲ್ಲೇನಪ್ಪಾ. ಲಗ್ನದಾಗ ನಿಮ್ಮ ಮನ್ಯಾಗ ಸುನಂದಾ ಅಂತ ಇಟ್ರು. ಈ ಹೆಸರಲೆ ಈಗ ಕರೆಯೋರು ಯಾರೂ ಉಳಿದಿಲ್ಲ."

ಫೋಟೋ ತೆಗೆದೆ. ಚಿತ್ರ ಸ್ಪಷ್ಟವಾಗಿಯೇ ಬಂತು. ಮಾಳಿಗೆಗೆ ಹೋಗಿ ತಾಣ ತೆರೆದೆ. ತಿರಸ್ಕರಿಸಿದ ಪ್ರಶ್ನೆಗಳು ಪರಿಶೀಲಕರಿಗೆ ಕಾಣುತ್ತವೆ. ಅಲ್ಲೇ ಇತ್ತು ಅದು — ಕೆಳಗೆ ನನ್ನ ಚೂಪಾದ ವಾಕ್ಯ ಸಮೇತ. ಆ ಸಲದ ಅರ್ಜಿಯ ಕೊನೆಯ ದಿನವನ್ನೂ ಹುಡುಕಿದೆ. ಪ್ರಶ್ನೆ ಬಂದ ಆರನೆಯ ದಿನ. ನನ್ನ ತೀರ್ಪಿನಿಂದ ಅವರ ಬಾಯಿ ಕಟ್ಟಿದ್ದು ಏಳು ದಿನ.

ಕೆಳಗೆ ಬಂದೆ. ಕಾಕು ಕಾಗದಗಳನ್ನು ಮಡಿಚಿ ಚೀಲಕ್ಕೆ ಹಾಕುತ್ತಿದ್ದರು. ಹೇಳಲಿಲ್ಲ. ಅಂದು ಹೇಳಲಿಲ್ಲ, ಆ ವರ್ಷ ಹೇಳಲಿಲ್ಲ, ಇನ್ನೂ ಎರಡು ವರ್ಷ ಹೇಳಲಿಲ್ಲ — ಬಾಯಿ ತೆರೆಯದ ಆ ಎರಡನೆಯ ಸುಳ್ಳು ಇದೇ. ಪರಿಶೀಲನೆಯ ಕೆಲಸವನ್ನು ಬಿಟ್ಟೆ. ಬಿಟ್ಟದ್ದನ್ನೇ ಪ್ರಾಯಶ್ಚಿತ್ತ ಎಂದು ನನಗೆ ನಾನೇ ವಾದಿಸಿ ಒಪ್ಪಿಸಿದೆ.

ಈಗಲೂ ನನ್ನ ಪರವಾಗಿ ವಾದ ಹೂಡೆಂದರೆ ಹೂಡಬಲ್ಲೆ. ಹೆಸರು ಗೊತ್ತಿರಲಿಲ್ಲ. ನಿಯಮ ಹಾಗಿತ್ತು. ಅವರು ಬೇರೆ ಯಾರನ್ನಾದರೂ ಕೇಳಬಹುದಿತ್ತು. ಮನೆಯಲ್ಲೇ ಇದ್ದ ನನ್ನನ್ನೇ ಕೇಳಬಹುದಿತ್ತು — ಇದು ಎಲ್ಲಕ್ಕಿಂತ ಗಟ್ಟಿ ವಾದ, ಇದೇ ಎಲ್ಲಕ್ಕಿಂತ ನಾಚಿಕೆಯದು. ಒಮ್ಮೆ ಅವರೇ ಅಂದಿದ್ದರು: "ನಿನಗ ಒಂದು ಮಾತು ಕೇಳಿದ್ರ ನೀ ತಿರುಗಿ ಹತ್ತು ಕೇಳ್ತಿ. ನನ್ನ ಮಾತು ಏನಿತ್ತು ಅಂತ ನನಗ ಮರತು ಹೋಗ್ತದ." ನಾನು ಅದನ್ನು ಹೊಗಳಿಕೆ ಎಂದು ತಿಳಿದಿದ್ದೆ. ವಾದಿಸಿದರೆ ಗೆಲ್ಲುತ್ತೇನೆ — ಅದಕ್ಕೇ ವಾದಿಸುವುದಿಲ್ಲ.

ಹೋದ ತಿಂಗಳು ಜಬೀನ್ ಆಪಾ ಅಂಗಡಿ ಹುಡುಕಿಕೊಂಡು ಹೋದೆ. ನಾನೇ ಪ್ರತಿವಾದಿ ಎಂದೆ. "ಓಹೋ, ಬರ್ರಿ ಭಾಯಿ, ಜಗಳಗಂಟರು!" ಎಂದು ಸ್ಟೂಲು ಸರಿಸಿದರು. ಎಲ್ಲ ಹೇಳಿದೆ. ಅವರ ಬೆರಳು ಕೀಲಿಮಣೆಯ ಮೇಲೆ ಓಡುತ್ತಲೇ ಇತ್ತು. ಮುಂದೆ ಕೂತ ಮುದುಕನೊಬ್ಬನ ಅರ್ಜಿ. ಮುಗಿಸಿ, ಕಾಗದ ತೆಗೆದು ಅವನ ಕೈಗಿಟ್ಟು, ಆಮೇಲೆ ನನ್ನ ಕಡೆ ತಿರುಗಿದರು.

"ಆ ಹೆಣ್ಮಗಳಿಗೆ ಹೇಳೀರೇನು?"

"ಇಲ್ರಿ."

"ಮತ್ತ ನನಗ್ಯಾಕ ಹೇಳ್ತೀರಿ? ನಾ ಏನ್ ಖಾಜಿ ಇದ್ದೇನಾ, ಮಾಫ್ ಮಾಡ್ಲಿಕ್ಕ?" ಎಂದು ಇನ್ನೊಂದು ಹಾಳೆ ಏರಿಸಿದರು. ಅದನ್ನು ನೇರ ಮಾಡುತ್ತ, ನನ್ನ ಕಡೆ ನೋಡದೆ, "ಎರಡು ಸಾಲಿನ ಉತ್ತರ ಇತ್ರೀ ಅದು. ಎರಡೇ ಸಾಲು" ಎಂದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾಕು, ಬರುವ ಭಾನುವಾರ ನೀವು ಭಾಲ್ಕಿಗೆ ಬಂದಾಗ, ಅಪ್ಪ, ಅತ್ಯಾ ಇಬ್ಬರೂ ಕೂತಿರುವಾಗ, ಇದನ್ನು ಗಟ್ಟಿಯಾಗಿ ಓದುತ್ತೇನೆ. ನೀವು ಅಂಜಿದಿರಿ ಎಂದು ಆ ಮನೆಯಲ್ಲಿ ಇನ್ನು ಯಾರೂ ಹೇಳಬಾರದು — ನೀವೂ ಹೇಳಬಾರದು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಅಗ್ಗವಾಗುತ್ತದೆ. ಕೋಣೆಯನ್ನು ತಂದುಕೊಡಲು ನನ್ನಿಂದಾಗದು. ಪರೀಕ್ಷೆ ಬರೆಯಿರಿ ಎಂದು ಹೇಳುವ ಯೋಗ್ಯತೆಯೂ ನನಗಿಲ್ಲ.

ಒಂದೇ ಒಂದು ಸಂಗತಿ ಉಳಿದಿದೆ. ಅಂದು ಮಾಳಿಗೆಯ ಮೇಲೆ ನಿಮ್ಮ ಖಾತೆಯನ್ನು ನೋಡಿದಾಗ ನೀವು ಕಡೆಯ ಸಲ ಬಂದುಹೋದ ದಿನ, ಹೊತ್ತು, ತೆರೆದ ಪುಟ ಎಲ್ಲವೂ ಅಲ್ಲಿತ್ತು — ನಾನು ತಿರಸ್ಕರಿಸಿದ ಮೇಲೆ ಎಂಟನೆಯ ದಿನ. ಏಳು ದಿನದ ತಡೆ ಮುಗಿದ ಮರುದಿನ ಬೆಳಿಗ್ಗೆಯೇ ಬಂದಿದ್ದೀರಿ. ಪ್ರಶ್ನೆ ಕೇಳುವ ಪುಟ ತೆರೆದಿದ್ದೀರಿ. ಏನೂ ಬರೆಯದೆ ಹೋಗಿದ್ದೀರಿ. ಫಾರ್ಮಿನ ತಾರೀಖು ಅಷ್ಟರಲ್ಲಿ ಮುಗಿದಿತ್ತು, ಅದು ನಿಮಗೂ ಗೊತ್ತಿತ್ತು. ಮತ್ತೆ ಆ ದಿನ — ಏನು ಕೇಳಬೇಕಂತ ಬಂದಿದ್ರಿ, ಕಾಕು?